ಭ್ರೂಣದ ಹನಿಗೆ ಗ್ರೋತ್ ಫ್ಯಾಕ್ಟರ್: ದುಡ್ಡು ಕೊಟ್ಟು ಹಾಕಿಸಬೇಕಾ?

ಪ್ರಶ್ನೆ: ನನಗೆ 36 ವರ್ಷ. ಎರಡು ಸಲ ಐವಿಎಫ್ ಆಗಿದೆ. ಮೊದಲನೇ ಸಲ 9 ಮೊಟ್ಟೆ ಫಲಿತವಾಗಿದ್ದವು, ಐದನೇ ದಿನಕ್ಕೆ ಉಳಿದದ್ದು ಒಂದೇ ಭ್ರೂಣ. ಅದೂ ಗರ್ಭಕೋಶದಲ್ಲಿ ಅಂಟಲಿಲ್ಲ. ಎರಡನೇ ಸಲ ಗರ್ಭ ನಿಂತಿತು, ಏಳನೇ ವಾರಕ್ಕೆ ಹೋಯಿತು. ಈಗ ಮೂರನೇ ಸಲಕ್ಕೆ 'ಗ್ರೋತ್ ಫ್ಯಾಕ್ಟರ್ ಇರುವ ಮೀಡಿಯಂ'ನಲ್ಲಿ ಭ್ರೂಣ ಬೆಳೆಸೋಣ, ಅದಕ್ಕೆ ಬೇರೆ ದುಡ್ಡಾಗುತ್ತದೆ ಅನ್ನುತ್ತಿದ್ದಾರೆ. ಏನಿದು? ಇದರಿಂದ ಭ್ರೂಣ ಚೆನ್ನಾಗಿ ಬೆಳೆಯುತ್ತದೆಯೇ? ಹುಟ್ಟುವ ಮಗುವಿಗೆ ಏನೂ ತೊಂದರೆ ಇಲ್ಲವೇ?

ಉತ್ತರ: ಮೊದಲು ನೇರ ಮಾತು, ಆಮೇಲೆ ವಿವರ. ನಿಮಗೆ ಹೇಳಿರುವುದು ಬುರುಡೆ ಅಲ್ಲ. ಅದರ ಹಿಂದೆ ನಿಜವಾದ ವಿಜ್ಞಾನ ಇದೆ, ಹಲವು ದಶಕಗಳ ಕೆಲಸ ಇದೆ. ಆದರೆ "ಇದನ್ನು ಹಾಕಿದರೆ ಮಗು ಆಗುವ ಸಾಧ್ಯತೆ ಹೆಚ್ಚುತ್ತದೆ" ಎಂದು ಎದೆ ತಟ್ಟಿ ಹೇಳುವಷ್ಟು ಪುರಾವೆ ಇಲ್ಲ. ನಿಮ್ಮ ಮೊದಲನೇ ಸಲದ ತೊಂದರೆಗೆ ಇದು ಮದ್ದು ಎಂದು ನನಗೆ ಅನಿಸುವುದಿಲ್ಲ. ಎರಡನೇ ಸಲದ ವಿಷಯ ಸ್ವಲ್ಪ ಬೇರೆ. ಅಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಕೈಯಲ್ಲಿದ್ದರೆ ತೀರ್ಮಾನ ಸುಲಭವಾಗುತ್ತದೆ.

ಹೆಸರೇ ಅರ್ಧ ಗೊಂದಲಕ್ಕೆ ಕಾರಣ. 'ಗ್ರೋತ್' ಅಂದ ಕೂಡಲೇ ಗೊಬ್ಬರ ನೆನಪಾಗುತ್ತದೆ. ಹಾಕಿದರೆ ಹುಲುಸಾಗಿ ಬೆಳೆಯುತ್ತದೆ, ಜಾಸ್ತಿ ಹಾಕಿದರೆ ಇನ್ನೂ ಜಾಸ್ತಿ. ಹಾಗಲ್ಲ. ಭ್ರೂಣದ ಹೊಟ್ಟೆ ತುಂಬಿಸುವ ಸಾಮಾನು ಬೇರೆ: ಪೈರುವೇಟ್, ಲ್ಯಾಕ್ಟೇಟ್, ಗ್ಲೂಕೋಸ್, ಅಮೈನೋ ಆಮ್ಲಗಳು. ಇವತ್ತಿನ ಹೆಚ್ಚಿನ ಮೀಡಿಯಂಗಳಲ್ಲಿ, ಅಂದರೆ ಲ್ಯಾಬಿನಲ್ಲಿ ಭ್ರೂಣ ಬೆಳೆಸುವ ದ್ರವಗಳಲ್ಲಿ, ಇವು ಇರುತ್ತವೆ. ಗ್ರೋತ್ ಫ್ಯಾಕ್ಟರ್ ಊಟ ಅಲ್ಲ, ಸುದ್ದಿ. ಒಂದು ಜೀವಕೋಶ ಒಂದು ಚಿಕ್ಕ ಪ್ರೋಟೀನ್ ತಯಾರಿಸಿ ಹೊರಗೆ ಬಿಡುತ್ತದೆ. ಇನ್ನೊಂದು ಕೋಶದ ಮೈಮೇಲೆ ಅದನ್ನು ಹಿಡಿಯುವ ರಿಸೆಪ್ಟರ್ ಇರುತ್ತದೆ. ಹಿಡಿದರೆ ಆ ಕೋಶದೊಳಗೆ ಒಂದು ಕೆಲಸ ಶುರುವಾಗುತ್ತದೆ: ವಿಭಜನೆ ಆಗು, ಸಾಯಬೇಡ, ಸಕ್ಕರೆ ಒಳಗೆ ತೆಗೆದುಕೋ, ಹೀಗೆ. ರಿಸೆಪ್ಟರ್ ಇಲ್ಲದ ಕೋಶದ ಮುಂದೆ ಬಿಂದಿಗೆಗಟ್ಟಲೆ ಸುರಿದರೂ ಉಪಯೋಗವಿಲ್ಲ. ಇದ್ದರೆ ಚಿಟಿಕೆಯೂ ಬೇಕಾಗಿಲ್ಲ. ನಿಮಗೆ ಹೇಳಿರುವ ಮೀಡಿಯಂನಲ್ಲಿ ಇರುವುದು ಬಹುಶಃ ಜಿಎಂ-ಸಿಎಸ್‌ಎಫ್ ಎಂಬ ಪ್ರೋಟೀನ್. ಅದರ ಪ್ರಮಾಣ ಮಿಲಿಲೀಟರಿಗೆ 2 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮನ್ನು ನೂರು ಕೋಟಿ ಭಾಗ ಮಾಡಿ ಅದರಲ್ಲಿ ಎರಡು ಭಾಗ. ಗೊಬ್ಬರವನ್ನು ಯಾರೂ ಈ ಲೆಕ್ಕದಲ್ಲಿ ಹಾಕುವುದಿಲ್ಲ ಅಲ್ವಾ?

ಇಂಥ ಪ್ರೋಟೀನ್‌ಗಳನ್ನು ಮೊದಲು ಗುರುತಿಸಿದವರಲ್ಲಿ ರೀಟಾ ಲೆವಿ-ಮೊಂತಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೊಹೆನ್ ಮುಖ್ಯರು. 1986ರಲ್ಲಿ ಅವರಿಗೆ ನೊಬೆಲ್ ಬಂತು. ಕೊಹೆನ್ ಅವರ ಕಥೆ ನನಗೆ ತುಂಬಾ ಇಷ್ಟ. ಇಲಿಯ ಜೊಲ್ಲುಗ್ರಂಥಿಯ ರಸವನ್ನು ಆಗಷ್ಟೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಅವುಗಳ ಕಣ್ಣು ಮಾಮೂಲಿಗಿಂತ ಬೇಗ ತೆರೆದವು, ಹಲ್ಲೂ ಬೇಗ ಬಂದವು. ಮರಿ ದಪ್ಪ ಆಗಲಿಲ್ಲ, ಕೆಲವು ಕೆಲಸಗಳು ಮುಂಚೆ ನಡೆದವು ಅಷ್ಟೇ. ಗ್ರೋತ್ ಫ್ಯಾಕ್ಟರ್ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಇನ್ನು ಭ್ರೂಣದ ವಿಷಯಕ್ಕೆ ಬರೋಣ. ದೇಹದೊಳಗೆ ಫಲಿತವಾದ ಮೊಟ್ಟೆ ಮೊದಲ ಮೂರು ನಾಲ್ಕು ದಿನ ಅಂಡನಾಳದಲ್ಲಿ ನಿಧಾನವಾಗಿ ಉರುಳುತ್ತಾ ಗರ್ಭಕೋಶದ ಕಡೆ ಬರುತ್ತದೆ. ದಾರಿಯುದ್ದಕ್ಕೂ ನಾಳದ ಒಳಗೋಡೆ, ಆಮೇಲೆ ಗರ್ಭಕೋಶದ ಒಳಪದರ, ಎರಡೂ ಇಂಥ ಹತ್ತಾರು ಪ್ರೋಟೀನ್‌ಗಳನ್ನು ಒಸರುತ್ತಿರುತ್ತವೆ. ಎಷ್ಟು ಒಸರಬೇಕು ಅನ್ನುವುದನ್ನು ತಾಯಿಯ ಹಾರ್ಮೋನುಗಳು ನಿರ್ಧರಿಸುತ್ತವೆ. ಭ್ರೂಣ ಸುಮ್ನೆ ತೇಲುತ್ತಿರುವುದಿಲ್ಲ. ಅದರ ಮೇಲೂ ರಿಸೆಪ್ಟರ್‌ಗಳಿವೆ, ಅದೂ ಮಾತಾಡುತ್ತದೆ. ಲ್ಯಾಬಿನಲ್ಲಿ ಈ ಎಲ್ಲದರ ಬದಲು ಇರುವುದು ಒಂದು ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಹತ್ತಾರು ಮೈಕ್ರೋಲೀಟರಿನ ಒಂದು ಚಿಕ್ಕ ಹನಿ, ಹನಿ ಒಣಗದಂತೆ ಮೇಲೆ ಎಣ್ಣೆಯ ಪದರ. ಸುತ್ತ 37 ಡಿಗ್ರಿ ಬಿಸಿ, ಅಳತೆಯ ಗಾಳಿ. ಗೋಡೆ ಇಲ್ಲ, ಹಾರ್ಮೋನು ಇಲ್ಲ, ಸುದ್ದಿ ಹೇಳುವವರಿಲ್ಲ.

ಆಶ್ಚರ್ಯದ ಸಂಗತಿ ಅಂದರೆ, ಇಷ್ಟಾದರೂ ಭ್ರೂಣ ಬೆಳೆಯುತ್ತದೆ. 1978ರ ಜುಲೈ 25ರಂದು ಲೂಯಿಸ್ ಬ್ರೌನ್ ಹುಟ್ಟಿದಾಗ ಇವತ್ತಿನ ಮೀಡಿಯಂಗಳು ಯಾವುದೂ ಇರಲಿಲ್ಲ. 1985ರಲ್ಲಿ ಪ್ಯಾಟ್ರಿಕ್ ಕ್ವಿನ್ ಮತ್ತು ಜೊತೆಯವರು ಅಂಡನಾಳದ ದ್ರವದಲ್ಲಿ ಯಾವ ಲವಣ ಎಷ್ಟಿದೆ ಎಂದು ನೋಡಿ ಅದೇ ಅಳತೆಯಲ್ಲಿ ಒಂದು ದ್ರಾವಣ ಮಾಡಿದರು. ಎಚ್‌ಟಿಎಫ್ ಎಂದು ಅದರ ಹೆಸರು. ಎಷ್ಟೋ ವರ್ಷ ಲೋಕದ ಲ್ಯಾಬುಗಳು ಅದರಲ್ಲೇ ಭ್ರೂಣ ಬೆಳೆಸಿದವು. ಅದರಲ್ಲಿ ಬೇಕೆಂದು ಸೇರಿಸಿದ ಗ್ರೋತ್ ಫ್ಯಾಕ್ಟರ್ ಒಂದೂ ಇಲ್ಲ.

ಹಾಗಾದರೆ ಸುದ್ದಿ ಇಲ್ಲದೆ ಹೇಗೆ ನಡೆಯಿತು? ಒಂದು ಕಾರಣ, ಮೊದಲ ಎರಡು ಮೂರು ದಿನ ಭ್ರೂಣ ನಡೆಯುವುದು ಮೊಟ್ಟೆಯೊಳಗೆ ಮೊದಲೇ ಕೂಡಿಟ್ಟ ಗಂಟಿನ ಮೇಲೆ. ಮನುಷ್ಯನ ಭ್ರೂಣದ ಸ್ವಂತ ಜೀನ್‌ಗಳು ಸರಿಯಾಗಿ ಎಚ್ಚರವಾಗುವುದು ನಾಲ್ಕು ಕೋಶದಿಂದ ಎಂಟು ಕೋಶದ ಹಂತದಲ್ಲಿ. ಇದನ್ನು ತೋರಿಸಿದ್ದು 1988ರಲ್ಲಿ. ಅಲ್ಲಿಯವರೆಗೆ ಹೊರಗಿನ ಮಾತು ಕೇಳುವ ಗರಜು ಅದಕ್ಕೆ ಕಡಿಮೆ. ಎರಡನೇ ಕಾರಣ, ಭ್ರೂಣ ತನಗೆ ಬೇಕಾದ ಕೆಲವು ಫ್ಯಾಕ್ಟರ್‌ಗಳನ್ನು ತಾನೇ ಮಾಡಿಕೊಳ್ಳುತ್ತದೆ. ಇಲಿಯ ಭ್ರೂಣಗಳನ್ನು ದೊಡ್ಡ ಹನಿಯಲ್ಲಿ ಒಂಟಿಯಾಗಿ ಬಿಟ್ಟರೆ ಸೊರಗುತ್ತವೆ, ಚಿಕ್ಕ ಹನಿಯಲ್ಲಿ ಗುಂಪಾಗಿ ಇಟ್ಟರೆ ಚೆನ್ನಾಗಿ ಬೆಳೆಯುತ್ತವೆ. ಒಂದು ಬಿಟ್ಟದ್ದು ಇನ್ನೊಂದಕ್ಕೆ ಸಿಗುತ್ತದೆ, ತಾನು ಬಿಟ್ಟದ್ದು ತನಗೇ ವಾಪಸ್ ಸಿಗುತ್ತದೆ. 1990ರಲ್ಲಿ ನಡೆದ ಒಂದು ಪ್ರಯೋಗದಲ್ಲಿ, ಒಂಟಿ ಭ್ರೂಣದ ಹನಿಗೆ ಇಜಿಎಫ್ ಎಂಬ ಗ್ರೋತ್ ಫ್ಯಾಕ್ಟರ್ ಹಾಕಿದಾಗ ಆ ಕೊರತೆ ಬಹಳಮಟ್ಟಿಗೆ ನೀಗಿತು. ಈ ಕ್ಷೇತ್ರದ ಎಷ್ಟೋ ಕೆಲಸಕ್ಕೆ ಅದೇ ತಳಪಾಯ.

ಮೂರನೇ ಕಾರಣವನ್ನು ಲ್ಯಾಬಿನವರು ಅಷ್ಟಾಗಿ ಬಾಯಿಬಿಟ್ಟು ಹೇಳುವುದಿಲ್ಲ. ಹಳೇ ಮೀಡಿಯಂಗಳಿಗೆ ಸೀರಮ್, ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರೆಯಾದ ತಿಳಿ, ಸೇರಿಸುತ್ತಿದ್ದರು. ಅದರಲ್ಲಿ ಗ್ರೋತ್ ಫ್ಯಾಕ್ಟರ್‌ಗಳ ಸಂತೆಯೇ ಇರುತ್ತದೆ, ಯಾವುದು ಎಷ್ಟು ಎಂದು ಲೆಕ್ಕವಿಲ್ಲ. ಈಗ ಸೀರಮ್ ಹೋಗಿ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಬಂದಿದೆ. ಅದನ್ನೂ ಹೆಚ್ಚಾಗಿ ದಾನಿಗಳ ರಕ್ತದಿಂದಲೇ ತೆಗೆಯುತ್ತಾರೆ. ಎಷ್ಟು ಶುದ್ಧ ಮಾಡಿದರೂ ಅದಕ್ಕೆ ಅಂಟಿಕೊಂಡು ಬೇರೆ ಪ್ರೋಟೀನ್‌ಗಳು ಚೂರುಪಾರು ಬರುತ್ತವೆ. ಆದ್ದರಿಂದ 'ಗ್ರೋತ್ ಫ್ಯಾಕ್ಟರ್ ಇಲ್ಲದ ಮೀಡಿಯಂ' ಎನ್ನುವುದೂ ಪೂರ್ತಿ ನಿಜವಲ್ಲ. 'ಬೇಕೆಂದು ಹಾಕಿಲ್ಲ' ಎನ್ನುವುದು ಸರಿ. ಜೊತೆಗೆ ಕಂಪನಿಗಳು ಮೀಡಿಯಂನ ಅಂಶಗಳ ಪಟ್ಟಿ ಕೊಡುತ್ತವೆ, ಅಳತೆಯನ್ನು ಪೂರ್ತಿ ಹೇಳುವುದು ಕಡಿಮೆ. ನಮ್ಮ ಕೆಲಸದಲ್ಲಿ ನನಗೆ ತುಂಬಾ ಕಿರಿಕಿರಿ ಮಾಡುವ ಸಂಗತಿ ಇದು. ಎರಡು ಮೀಡಿಯಂ ಹೋಲಿಸಿದಾಗ ವ್ಯತ್ಯಾಸ ಕಂಡರೆ ಅದು ಯಾವುದರಿಂದ ಬಂತು ಎಂದು ಹೇಳುವುದಕ್ಕೇ ಆಗುವುದಿಲ್ಲ.

ಲ್ಯಾಬಿನ ಹನಿಗೆ ಒಂದೊಂದೇ ಫ್ಯಾಕ್ಟರ್ ಹಾಕಿ ನೋಡುವ ಕೆಲಸ 1990ರ ದಶಕದಲ್ಲಿ ಜೋರಾಗಿ ನಡೆಯಿತು. ಇನ್ಸುಲಿನ್‌ನ ನೆಂಟನಂತಿರುವ ಐಜಿಎಫ್-1 ಹಾಕಿದಾಗ ಐದಾರು ದಿನದ ಹಂತಕ್ಕೆ, ಅಂದರೆ ಬ್ಲಾಸ್ಟೊಸಿಸ್ಟ್ ಆಗುವವರೆಗೆ ಬೆಳೆದ ಮನುಷ್ಯ ಭ್ರೂಣಗಳು 49%ರಿಂದ 74%ಕ್ಕೆ ಏರಿದವು ಎಂದು 1998ರಲ್ಲಿ ವರದಿಯಾಯಿತು. ಅದೇ ವರ್ಷ ಎಚ್‌ಬಿ-ಇಜಿಎಫ್ ಎಂಬ ಇನ್ನೊಂದರ ಬಗ್ಗೆಯೂ ಹೀಗೇ ಒಳ್ಳೆಯ ಸುದ್ದಿ ಬಂತು. ಇವೆಲ್ಲ ದಂಪತಿಗಳು ಸಂಶೋಧನೆಗೆ ಕೊಟ್ಟ ಭ್ರೂಣಗಳ ಮೇಲೆ ತಟ್ಟೆಯಲ್ಲಿ ನಡೆದ ಪ್ರಯೋಗಗಳು. ಅವುಗಳಿಂದ ಮಗು ಹುಟ್ಟಿಸಿ ನೋಡಿದ್ದಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಜಾಹೀರಾತಿನಲ್ಲಿ ಎತ್ತಿ ತೋರಿಸಲು ಸುಲಭವಾಗಿ ಸಿಗುವುದು ಇಂಥ ಅಂಕಿಗಳೇ.

ಲಿಫ್ ಎಂಬ ಪ್ರೋಟೀನಿನ ಕಥೆ ಕೇಳಿದರೆ ನಾನು ಯಾಕೆ ಇಷ್ಟು ಹಿಂದೆಮುಂದೆ ನೋಡುತ್ತೇನೆ ಎಂದು ಗೊತ್ತಾಗುತ್ತದೆ. 1992ರಲ್ಲಿ, ಈ ಪ್ರೋಟೀನ್ ಮಾಡಲಾಗದ ಹೆಣ್ಣಿಲಿಗಳ ಗರ್ಭಕೋಶದಲ್ಲಿ ಭ್ರೂಣ ಅಂಟುವುದೇ ಇಲ್ಲ ಎಂದು ಪತ್ತೆಯಾಯಿತು. ಅದೇ ಭ್ರೂಣಗಳನ್ನು ಬೇರೆ ಇಲಿಯ ಗರ್ಭಕೋಶಕ್ಕೆ ಹಾಕಿದರೆ ಸೊಗಸಾಗಿ ಅಂಟಿದವು. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೇ? ಮತ್ತೆ ಮತ್ತೆ ಐವಿಎಫ್ ವಿಫಲವಾದ ಮಹಿಳೆಯರಿಗೆ ಇದೇ ಪ್ರೋಟೀನನ್ನು ಇಂಜೆಕ್ಷನ್ ಆಗಿ ಕೊಟ್ಟು ನೋಡಿದರು. 2009ರಲ್ಲಿ ಫಲಿತಾಂಶ ಬಂತು. ಲಾಭ ಏನೂ ಕಾಣಲಿಲ್ಲ. ಇಲಿಯಲ್ಲಿ ಒಂದೇ ಬೀಗಕ್ಕೆ ಒಂದೇ ಕೀ ಇದ್ದಂತೆ ಕಂಡದ್ದು ಮನುಷ್ಯರಲ್ಲಿ ಹಾಗಿರಲಿಲ್ಲ.

ಈಗ ನಿಮಗೆ ಹೇಳಿರುವ ಜಿಎಂ-ಸಿಎಸ್‌ಎಫ್. ಹೆಸರು ಉದ್ದ, ಅದರ ಪೂರ್ತಿ ರೂಪ ಬಿಡಿಸಿ ಹೇಳಿದರೂ ನಿಮಗೆ ಉಪಯೋಗವಾಗುವುದಿಲ್ಲ. ಮೂಳೆಯ ಮಜ್ಜೆಯಲ್ಲಿ ಬಿಳಿ ರಕ್ತಕಣಗಳನ್ನು ಹುಟ್ಟಿಸುವ ಪ್ರೋಟೀನ್ ಎಂದು ಇದು ಮೊದಲು ಗೊತ್ತಾಯಿತು. ಕ್ಯಾನ್ಸರ್ ಚಿಕಿತ್ಸೆಯಿಂದ ಬಿಳಿಕಣ ಕುಸಿದವರಿಗೆ ಔಷಧಿಯಾಗಿಯೂ ಬಂತು. ರಕ್ತದ ಪ್ರೋಟೀನಿಗೂ ಭ್ರೂಣಕ್ಕೂ ಏನು ಸಂಬಂಧ? ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಸಾರಾ ರಾಬರ್ಟ್‌ಸನ್ ಮತ್ತು ಅವರ ಜೊತೆಯವರು ತೋರಿಸಿದ್ದು ಅದನ್ನೇ. ಅಂಡನಾಳ ಮತ್ತು ಗರ್ಭಕೋಶದ ಒಳಪದರ ಇದನ್ನು ಒಸರುತ್ತವೆ, ಭ್ರೂಣದ ಮೇಲೆ ಇದರ ರಿಸೆಪ್ಟರ್ ಇದೆ. 1999ರಲ್ಲಿ ಸ್ವೀಡನ್ನಿನವರ ಜೊತೆ ಸೇರಿ ಮನುಷ್ಯ ಭ್ರೂಣದ ಮೇಲೆ ನೋಡಿದಾಗ ಬ್ಲಾಸ್ಟೊಸಿಸ್ಟ್ ಹಂತ ಮುಟ್ಟಿದವು 30%ರಿಂದ 76%ಕ್ಕೆ ಏರಿದವು.

ಈ 30 ಎನ್ನುವ ಅಂಕಿಯನ್ನು ಸ್ವಲ್ಪ ನೋಡಿ. ಇವತ್ತಿನ ಒಳ್ಳೆಯ ಲ್ಯಾಬಿನಲ್ಲಿ ಫಲಿತವಾದ ಮೊಟ್ಟೆಗಳಲ್ಲಿ 40ರಿಂದ 50%ರಷ್ಟು ಯಾವ ಫ್ಯಾಕ್ಟರ್ ಹಾಕದೆಯೂ ಬ್ಲಾಸ್ಟೊಸಿಸ್ಟ್ ಆಗುತ್ತವೆ. ಕೆಳಗಿನಿಂದ ಹೊರಟರೆ ಏರಲು ಜಾಗ ಜಾಸ್ತಿ. ಹನಿ ಬಡವಾಗಿದ್ದಾಗ ಗ್ರೋತ್ ಫ್ಯಾಕ್ಟರ್ ದೊಡ್ಡ ಸಹಾಯ ಮಾಡುತ್ತದೆ, ಹನಿಯೇ ಚೆನ್ನಾಗಿದ್ದರೆ ಅದಕ್ಕೆ ಮಾಡಲು ಹೆಚ್ಚು ಕೆಲಸ ಉಳಿದಿರುವುದಿಲ್ಲ. ಒಳಗೆ ಅದು ಮಾಡುವ ಕೆಲಸ ನೋಡಿದರೂ ಇದು ಸರಿ ಹೊಂದುತ್ತದೆ. ದೇಹದ ಹೊರಗೆ ಇರುವುದರಿಂದ ಭ್ರೂಣದ ಕೋಶಗಳಿಗೆ ಒಂದು ರೀತಿಯ ಒತ್ತಡ. ಅದರಿಂದ ಕೆಲವು ಕೋಶಗಳು ತಮ್ಮನ್ನು ತಾವೇ ಮುಗಿಸಿಕೊಳ್ಳುತ್ತವೆ. ಜಿಎಂ-ಸಿಎಸ್‌ಎಫ್ ಇದ್ದಾಗ ಆ ಸಾವು ಕಡಿಮೆ, ಮಗುವಾಗಬೇಕಾದ ಒಳಗುಂಪಿನ ಕೋಶಗಳು ಜಾಸ್ತಿ ಉಳಿಯುತ್ತವೆ. ಅಂದರೆ ಇದು ಬೆಳೆಸುವ ಪದಾರ್ಥ ಎನ್ನುವುದಕ್ಕಿಂತ ಕಾಯುವ ಪದಾರ್ಥ.

ನಿಜವಾದ ಪರೀಕ್ಷೆ ನಡೆದದ್ದು ಡೆನ್ಮಾರ್ಕ್ ಮತ್ತು ಸ್ವೀಡನ್ ಕೇಂದ್ರಗಳಲ್ಲಿ. 2013ರಲ್ಲಿ ಪ್ರಕಟವಾಯಿತು. 1,300ಕ್ಕೂ ಹೆಚ್ಚು ಮಹಿಳೆಯರು, ಯಾರಿಗೆ ಯಾವ ಮೀಡಿಯಂ ಎಂದು ಚೀಟಿ ಎತ್ತಿದ ಹಾಗೆ ಹಂಚಿಕೆ. ಮಾಮೂಲಿ ಹನಿಯಲ್ಲಿ ಬೆಳೆದ ಭ್ರೂಣ ಹಾಕಿಸಿಕೊಂಡವರಲ್ಲಿ 24.1% ಮಂದಿಗೆ ಮಗು ಆಯಿತು, ಜಿಎಂ-ಸಿಎಸ್‌ಎಫ್ ಹನಿಯವರಲ್ಲಿ 28.9% ಮಂದಿಗೆ. ಇದನ್ನು ಹಾಗೇ ನಂಬಿದರೂ ಸುಮಾರು 21 ಮಂದಿಗೆ ಹಾಕಿದಾಗ ಒಬ್ಬರಿಗೆ ಹೆಚ್ಚುವರಿ ಮಗು. ಕಡಿಮೆ ಏನಲ್ಲ. ಆದರೆ ಎರಡು ಸೂಕ್ಷ್ಮಗಳಿವೆ. ಆಲ್ಬುಮಿನ್ ಕಡಿಮೆ ಇದ್ದ ಹನಿಯಲ್ಲಿ ಲಾಭ ಎದ್ದು ಕಂಡಿತು, ಜಾಸ್ತಿ ಇದ್ದಲ್ಲಿ ಮಂಕಾಯಿತು. ಮತ್ತೆ ಬಡ ಹನಿಯ ಮಾತೇ ಬಂತು ನೋಡಿ. ಎರಡನೆಯದು, ಮೊದಲು ಗರ್ಭ ಹೋಗಿದ್ದ ಮಹಿಳೆಯರಲ್ಲಿ ಲಾಭ ಜಾಸ್ತಿ ಇದ್ದಂತೆ ಕಂಡಿತು. ನಿಮ್ಮ ವೈದ್ಯರು ಇದನ್ನು ಸೂಚಿಸಿರುವುದು ಬಹುಶಃ ಇದೇ ಕಾರಣಕ್ಕೆ.

ಆದರೆ 'ಕಂಡಿತು' ಎನ್ನುವುದಕ್ಕೂ 'ಸಾಬೀತಾಯಿತು' ಎನ್ನುವುದಕ್ಕೂ ದೂರ ಇದೆ. ಫಲಿತಾಂಶ ಬಂದ ಮೇಲೆ ಮಹಿಳೆಯರನ್ನು ಬೇರೆ ಬೇರೆ ಗುಂಪು ಮಾಡಿ ನೋಡುತ್ತಾ ಹೋದರೆ ಎಲ್ಲೋ ಒಂದು ಕಡೆ ಏನೋ ಒಂದು ಕಾಣಲೇಬೇಕು. ಅದು ನಿಜವಾ, ಬರೀ ಕಾಕತಾಳೀಯವಾ ಎಂದು ತಿಳಿಯಬೇಕಾದರೆ ಅದೇ ಗುಂಪಿನವರನ್ನೇ ಸೇರಿಸಿಕೊಂಡು ಹೊಸದಾಗಿ ಪ್ರಯೋಗ ಮಾಡಬೇಕು. 2020ರಲ್ಲಿ ಕಾಕ್ರೇನ್ ಸಂಸ್ಥೆ 5 ಪ್ರಯೋಗಗಳನ್ನು ನೋಡಿ, ಅವುಗಳಲ್ಲಿ 3ರ, 1,500ಕ್ಕೂ ಹೆಚ್ಚು ಮಂದಿಯ ಮಾಹಿತಿಯನ್ನು ಒಟ್ಟಿಗೆ ಇಟ್ಟು ತೂಗಿತು. ಪುರಾವೆಯ ಗುಣಮಟ್ಟ ಕಡಿಮೆ, ಇದರಿಂದ ಗರ್ಭಧಾರಣೆ ಹೆಚ್ಚುತ್ತದೆ ಎಂಬ ಮಾರಾಟದ ಮಾತಿಗೆ ಆಧಾರ ಸಾಲದು ಎಂದು ಅದರ ತೀರ್ಪು. ನನ್ನ ಅಭಿಪ್ರಾಯವೂ ಅದೇ. ಇದನ್ನು ಎಲ್ಲರಿಗೂ ಹಾಕುವುದನ್ನು ನಾನು ಒಪ್ಪುವುದಿಲ್ಲ. ಕೆಲವರಿಗೆ, ವಿಷಯ ಪೂರ್ತಿ ತಿಳಿಸಿ ಹಾಕಿದರೆ ಜಗಳ ಮಾಡುವುದಿಲ್ಲ.

ನೀವು ಆ ಕೆಲವರಲ್ಲಿ ಒಬ್ಬರಾ? ನಿಮ್ಮ ಎರಡೂ ಸಲವನ್ನು ಬೇರೆ ಬೇರೆಯಾಗಿಯೇ ನೋಡಬೇಕು.

ಮೊದಲನೇ ಸಲ 9ರಲ್ಲಿ 1. ಸರಾಸರಿಗಿಂತ ಕಡಿಮೆ, ನಿಜ. ಆದರೆ ನನಗೆ ಬೇಕಾದದ್ದು ಉಳಿದ 8 ಯಾವತ್ತು ನಿಂತವು ಎನ್ನುವುದು. ಎರಡನೇ ದಿನಕ್ಕೇ ನಿಂತಿದ್ದರೆ ಸಂಶಯ ಮೊಟ್ಟೆಯ ಕಡೆ, ಯಾಕೆಂದರೆ ಆಗ ನಡೆಯುತ್ತಿರುವುದು ಮೊಟ್ಟೆಯ ಗಂಟಿನ ಮೇಲೆ. ಮೂರನೇ ದಿನದವರೆಗೆ ಚೆನ್ನಾಗಿದ್ದು ಆಮೇಲೆ ನಿಂತಿದ್ದರೆ ಭ್ರೂಣದ ಸ್ವಂತ ಜೀನ್‌ಗಳು ಕೆಲಸ ಹಿಡಿಯುವ ಹೊತ್ತಿಗೆ ಏನೋ ಎಡವಟ್ಟಾಗಿದೆ. ಆಗ ವೀರ್ಯಾಣುವಿನ ಪಾಲನ್ನೂ ನೋಡಬೇಕು. ಎಲ್ಲಕ್ಕಿಂತ ಮುಖ್ಯ ಕ್ರೋಮೋಸೋಮ್, ಅಂದರೆ ಜೀನ್‌ಗಳನ್ನು ಹೊತ್ತ ಎಳೆಗಳು. 36ರ ವಯಸ್ಸಿನಲ್ಲಿ ಮೊಟ್ಟೆಗಳಲ್ಲಿ ಕ್ರೋಮೋಸೋಮ್ ಎಣಿಕೆ ತಪ್ಪುವುದು ಇಪ್ಪತ್ತೈದರ ವಯಸ್ಸಿಗಿಂತ ಜಾಸ್ತಿ. ಇದರಲ್ಲಿ ಯಾರ ತಪ್ಪೂ ಇಲ್ಲ, ನೀವು ತಿಂದದ್ದು ಕುಡಿದದ್ದು ಯಾವುದೂ ಕಾರಣವಲ್ಲ. ಇಂಥ ಭ್ರೂಣಗಳು ಅರ್ಧ ದಾರಿಯಲ್ಲಿ ನಿಲ್ಲುವುದು ಸಹಜ. ಹನಿಗೆ ಯಾವ ಪ್ರೋಟೀನ್ ಹಾಕಿದರೂ ಎಣಿಕೆ ಸರಿಹೋಗುವುದಿಲ್ಲ. ಜಿಎಂ-ಸಿಎಸ್‌ಎಫ್ ಬಗ್ಗೆ ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ: ಅದು ಕ್ರೋಮೋಸೋಮ್ ದೋಷವನ್ನು ಹೆಚ್ಚಿಸಲೂ ಇಲ್ಲ, ಇಳಿಸಲೂ ಇಲ್ಲ.

ಎರಡನೇ ಸಲ ಏಳನೇ ವಾರಕ್ಕೆ ಗರ್ಭ ಹೋದದ್ದು. ನಿಮಗಾದ ನೋವಿನ ಬಗ್ಗೆ ನಾನಿಲ್ಲಿ ಎರಡು ಸಾಲು ಬರೆದು ಮುಗಿಸಲಾರೆ, ಅದಕ್ಕೇ ಬರೆಯುತ್ತಿಲ್ಲ. ಕೇಳಬೇಕಾದ ಪ್ರಶ್ನೆ ಒಂದಿದೆ. ಆಗ ಹೊರಗೆ ಬಂದ ಅಂಗಾಂಶವನ್ನು ಕ್ರೋಮೋಸೋಮ್ ಪರೀಕ್ಷೆಗೆ ಕಳಿಸಿದ್ದರಾ? ಮೊದಲೇ ಹೇಳಿದೆನಲ್ಲ, ಆ ಪರೀಕ್ಷೆ ಇದೇ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಕ್ರೋಮೋಸೋಮ್ ದೋಷದಿಂದಲೇ ಹೋಗುತ್ತವೆ. ಪರೀಕ್ಷೆಯಲ್ಲಿ ದೋಷ ಸಿಕ್ಕಿದ್ದರೆ ಈ ಮೀಡಿಯಂ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಆ ದುಡ್ಡು ಉಳಿಸಿ. ದೋಷ ಇರಲಿಲ್ಲ ಎಂದು ಬಂದಿದ್ದರೆ, ಒಳ್ಳೆಯ ಭ್ರೂಣವೊಂದು ಬೇರೆ ಕಾರಣಕ್ಕೆ ನಿಲ್ಲಲಿಲ್ಲ ಎಂದಾಗುತ್ತದೆ. 2013ರ ಪ್ರಯೋಗದಲ್ಲಿ ಸುಳಿವು ಸಿಕ್ಕ ಗುಂಪಿಗೆ ನೀವು ಹತ್ತಿರವಾಗುತ್ತೀರಿ. ಆಗ ಒಂದು ಸಲ ಪ್ರಯತ್ನಿಸುವುದರಲ್ಲಿ ಅರ್ಥವಿದೆ, ಅದೂ ಆ ಖರ್ಚು ನಿಮಗೆ ಭಾರವಾಗದಿದ್ದರೆ. ಪರೀಕ್ಷೆಯನ್ನೇ ಮಾಡಿಸಿಲ್ಲವಾದರೆ, ಒಂದೇ ಒಂದು ಸಲ ಗರ್ಭ ಹೋದದ್ದರ ಮೇಲೆ ನಾನು ದೊಡ್ಡ ತೀರ್ಮಾನ ಕಟ್ಟುವುದಿಲ್ಲ.

ಇಲ್ಲಿ ಒಬ್ಬ ಜಾಣ ಓದುಗರು ಕೇಳಬಹುದು: ಕೋಶಗಳ ಸಾವನ್ನು ತಡೆಯುತ್ತದೆ ಅಂದಿರಿ, ಹಾಗಾದರೆ ನಿಲ್ಲಬೇಕಾದ ದೋಷದ ಭ್ರೂಣವನ್ನೂ ಇದು ಎಳೆದುಕೊಂಡು ಹೋಗುತ್ತದಾ? ಒಳ್ಳೆಯ ಪ್ರಶ್ನೆ. ಹಾಗೆ ಆಗಿದ್ದರೆ ಗರ್ಭ ನಿಂತು ಆಮೇಲೆ ಹೋಗುವುದು ಜಾಸ್ತಿ ಆಗಬೇಕಿತ್ತು. 2013ರ ಪ್ರಯೋಗದಲ್ಲಿ ಹಾಗಾಗಲಿಲ್ಲ, ಮೊದಲ ವಾರಗಳಲ್ಲಿ ಕಂಡ ವ್ಯತ್ಯಾಸ ಹೆರಿಗೆಯವರೆಗೂ ಉಳಿಯಿತು.

ಮಗುವಿನ ಬಗ್ಗೆ ನೀವು ಕೇಳಿದ್ದು ಸರಿಯಾದ ಭಯ. ಇದಕ್ಕೆ ಹಿನ್ನೆಲೆಯೂ ಇದೆ. 1990ರ ದಶಕದಲ್ಲಿ ದನ ಮತ್ತು ಕುರಿಗಳ ಭ್ರೂಣವನ್ನು ಸೀರಮ್ ಇರುವ ಹನಿಯಲ್ಲಿ ಬೆಳೆಸಿದಾಗ ಕೆಲವು ಕರು, ಮರಿಗಳು ಮಾಮೂಲಿಗಿಂತ ತುಂಬಾ ದೊಡ್ಡದಾಗಿ ಹುಟ್ಟಿದವು. ಹೆರಿಗೆ ಕಷ್ಟವಾಯಿತು, ಎಷ್ಟೋ ಮರಿಗಳು ಉಳಿಯಲಿಲ್ಲ. ಕೆಲವೇ ದಿನ ಒಂದು ಹನಿಯಲ್ಲಿ ಕಳೆದದ್ದು ತಿಂಗಳುಗಳ ನಂತರ ಮೈಮೇಲೆ ಕಂಡಿತು. ಜೀನ್‌ಗಳು ಬದಲಾಗಿರಲಿಲ್ಲ, ಯಾವ ಜೀನ್ ತೆರೆದಿರಬೇಕು ಯಾವುದು ಮುಚ್ಚಿರಬೇಕು ಎಂಬ ಗುರುತುಗಳು ಏರುಪೇರಾಗಿದ್ದವು. ಲ್ಯಾಬುಗಳು ಸೀರಮ್ ಬಿಡಲು ಇದೂ ಒಂದು ಕಾರಣ. ಮನುಷ್ಯರಲ್ಲಿ ಅಷ್ಟು ದೊಡ್ಡ ಪರಿಣಾಮ ಕಂಡಿಲ್ಲ. ಆದರೆ ಹನಿ ಬದಲಾದರೆ ಏನೂ ಆಗುವುದಿಲ್ಲ ಎಂದೂ ಹೇಳುವಂತಿಲ್ಲ. ನೆದರ್ಲೆಂಡ್ಸ್‌ನ ಆರು ಕೇಂದ್ರಗಳಲ್ಲಿ ಎಚ್‌ಟಿಎಫ್ ಮತ್ತು ಜಿ5 ಎಂಬ ಎರಡು ಮೀಡಿಯಂಗಳನ್ನು ಹೋಲಿಸಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಜಿ5ರಲ್ಲಿ ಬೆಳೆದು ಒಂಟಿಯಾಗಿ ಹುಟ್ಟಿದ ಮಕ್ಕಳು ಸರಾಸರಿ 158 ಗ್ರಾಂ ಕಡಿಮೆ ತೂಗಿದರು. ಈ ವ್ಯತ್ಯಾಸಕ್ಕೆ ಗ್ರೋತ್ ಫ್ಯಾಕ್ಟರ್ ಕೂಡ ಬೇಕಾಗಲಿಲ್ಲ, ಹನಿಯ ಬೇರೆ ಅಂಶಗಳೇ ಸಾಕಾದವು, ಯಾವುದು ಎಂದು ಮಾತ್ರ ಹೇಳಲಾಗದು.

ಹಾಗಾಗಿ 'ಗ್ರೋತ್ ಫ್ಯಾಕ್ಟರ್ ಹಾಕಿದ ಹನಿ ಅಪಾಯ, ಹಾಕದ್ದು ಸುರಕ್ಷಿತ' ಎಂದು ಗೆರೆ ಎಳೆಯಲು ಬರುವುದಿಲ್ಲ. ಜಿಎಂ-ಸಿಎಸ್‌ಎಫ್ ಪ್ರಯೋಗದಲ್ಲಿ ಹುಟ್ಟಿದ ಮಕ್ಕಳ ತೂಕದಲ್ಲಾಗಲೀ ಹುಟ್ಟು ದೋಷಗಳಲ್ಲಾಗಲೀ ಎರಡು ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. ಇಲಿಗಳಲ್ಲಂತೂ ಲ್ಯಾಬಿನ ಹನಿಯಿಂದಾಗುವ ಕೆಲವು ದೀರ್ಘ ಪರಿಣಾಮಗಳನ್ನು ಇದು ಸ್ವಲ್ಪ ಸರಿಪಡಿಸಿತು. ಮೈ ದಪ್ಪ ಆಗುತ್ತದೆ, ಕ್ಯಾನ್ಸರ್ ಬರುತ್ತದೆ ಎಂಬ ಗಾಳಿಮಾತಿಗೆ ಆಧಾರವಿಲ್ಲ. ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವ ಹೊತ್ತಿಗೆ ಅದರ ಜೊತೆ ಹೋಗುವ ದ್ರವವೂ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಅದೇ ಪ್ರೋಟೀನನ್ನು ನಿಮ್ಮ ಗರ್ಭಕೋಶ ಹೇಗೂ ತಾನೇ ಮಾಡುತ್ತಿರುತ್ತದೆ.

ಒಂದು ಎಚ್ಚರಿಕೆ. ಹೆಸರುಗಳು ಒಂದೇ ಥರ ಇರುವುದರಿಂದ ಬಿಲ್ಲಿನಲ್ಲಿ ಯಾವುದು ಯಾವುದೋ ಸೇರಿಕೊಳ್ಳುತ್ತದೆ. ಜಿ-ಸಿಎಸ್‌ಎಫ್ ಬೇರೆ, ಜಿಎಂ-ಸಿಎಸ್‌ಎಫ್ ಬೇರೆ. ಮೊದಲನೆಯದನ್ನು ಇಂಜೆಕ್ಷನ್ ಆಗಿ ಅಥವಾ ಗರ್ಭಕೋಶದೊಳಗೆ ನಿಮಗೇ ಕೊಡುವುದುಂಟು, ಅದು ಭ್ರೂಣದ ಹನಿಯ ವಿಷಯವೇ ಅಲ್ಲ. ಪಿಆರ್‌ಪಿ ಅಂದರೆ ನಿಮ್ಮದೇ ರಕ್ತದ ಪ್ಲೇಟ್‌ಲೆಟ್ ಹೆಚ್ಚಿರುವ ಭಾಗ. 'ಭ್ರೂಣದ ಗೋಂದು' ಎಂದು ಕರೆಯುವುದರಲ್ಲಿ ಇರುವುದು ಹಯಲುರೊನಾನ್, ಅದು ಗ್ರೋತ್ ಫ್ಯಾಕ್ಟರೇ ಅಲ್ಲ. ಭ್ರೂಣ ಹಾಕುವ ಹೊತ್ತಿಗೆ ಮಾತ್ರ ಬಳಸುವ ದ್ರವ ಅದು, ಪುರಾವೆಯೂ ಜಿಎಂ-ಸಿಎಸ್‌ಎಫ್‌ಗಿಂತ ಸ್ವಲ್ಪ ಗಟ್ಟಿ. ಯಾವುದಕ್ಕೆ ದುಡ್ಡು ಕೇಳುತ್ತಿದ್ದಾರೆ ಎಂದು ಬಾಟಲಿಯ ಹೆಸರು ಬರೆಸಿಕೊಳ್ಳಿ.

ಲ್ಯಾಬಿನವರನ್ನು ಕೇಳಲು ಇದಕ್ಕಿಂತ ಉಪಯೋಗದ ಪ್ರಶ್ನೆಗಳಿವೆ. ಇನ್‌ಕ್ಯುಬೇಟರಿನಲ್ಲಿ ಆಕ್ಸಿಜನ್ ಎಷ್ಟು ಇಡುತ್ತೀರಿ? ಹೊರಗಿನ ಗಾಳಿಯಲ್ಲಿ ಸುಮಾರು 21%, ಆದರೆ ಅಂಡನಾಳದೊಳಗೆ ಅದಕ್ಕಿಂತ ತುಂಬಾ ಕಡಿಮೆ. 5%ರಲ್ಲಿ ಬೆಳೆಸಿದರೆ ಫಲಿತಾಂಶ ಉತ್ತಮ ಎಂಬುದಕ್ಕೆ ಇರುವ ಪುರಾವೆ ಯಾವ ಗ್ರೋತ್ ಫ್ಯಾಕ್ಟರಿಗೂ ಇಲ್ಲ. ನನ್ನ ವಯಸ್ಸಿನವರಲ್ಲಿ ಫಲಿತವಾದ 10 ಮೊಟ್ಟೆಗೆ ನಿಮ್ಮಲ್ಲಿ ಎಷ್ಟು ಬ್ಲಾಸ್ಟೊಸಿಸ್ಟ್ ಆಗುತ್ತವೆ? ಈ ಪ್ರಶ್ನೆಗೆ ತಡವರಿಸದೆ ಅಂಕಿ ಹೇಳಿದರೆ ಅವರು ಲೆಕ್ಕ ಇಡುತ್ತಾರೆ ಎಂದರ್ಥ. ಜಿಎಂ-ಸಿಎಸ್‌ಎಫ್ ಹಾಕಿದ ಮೇಲೆ ನಿಮ್ಮಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ ಏರಿತಾ ಎಂದೂ ಕೇಳಿ. "ಭ್ರೂಣಗಳು ನೋಡಲು ಚೆನ್ನಾಗಿ ಬರುತ್ತವೆ" ಎಂಬ ಉತ್ತರ ಬಂದರೆ, ಅದು ನೀವು ಕೇಳಿದ್ದಕ್ಕೆ ಉತ್ತರ ಅಲ್ಲ.

ಇಷ್ಟರ ಮೇಲೆ ಎರಡೂ ಸಲದ ಲ್ಯಾಬ್ ದಾಖಲೆಯ ಪ್ರತಿ ಕೇಳಿ ತೆಗೆದುಕೊಳ್ಳಿ. ಯಾವ ದಿನ ಎಷ್ಟು ಭ್ರೂಣ, ಪ್ರತಿಯೊಂದಕ್ಕೆ ಎಷ್ಟು ಕೋಶ, ಯಾವ ಮೀಡಿಯಂ, ಯಾವತ್ತು ನಿಂತವು, ಎಲ್ಲವನ್ನೂ ಅವರು ಬರೆದಿಟ್ಟಿರಬೇಕು. ಮೂರನೇ ಸಲ ಶುರು ಮಾಡುವ ಮುಂಚೆ ಆ ಪ್ರತಿಯನ್ನೂ, ಅಂಗಾಂಶದ ವರದಿ ಇದ್ದರೆ ಅದನ್ನೂ ಮುಂದಿಟ್ಟುಕೊಂಡು ವೈದ್ಯರ ಜೊತೆ ಕೂರಿ. ಲ್ಯಾಬಿನ ಎಂಬ್ರಿಯಾಲಜಿಸ್ಟ್ ಕೂಡ ಆ ಮಾತುಕತೆಗೆ ಬರಲಿ ಎಂದು ಕೇಳಿ. ಭ್ರೂಣಗಳನ್ನು ದಿನಾ ನೋಡಿದವರು ಅವರೇ.